ತೆಗೆದ ಚಿತ್ರ ಎಲ್ಲಿ ಹೋಯಿತು?

ಮಂಡ್ಯ ತಾಲ್ಲೂಕಿನ ಕೆರಗೋಡು ಹೋಬಳಿಯಲ್ಲಿ ರೈತನೊಬ್ಬನು ತನ್ನ ಗದ್ದೆಯ ಬದುವಿನ ಮೇಲೆ ನಿಂತಿದ್ದಾನೆಂದು ಭಾವಿಸೋಣ. ಎದುರಿಗೆ ಮೊಳಕಾಲೆತ್ತರಕ್ಕೆ ಬೆಳೆದ ಭತ್ತ. ಬದುವಿನಾಚೆಗೆ ದಾಯಾದಿಯ ಕಬ್ಬು. ಜೊತೆಯಲ್ಲಿ ಕಾಲೇಜಿನಲ್ಲಿ ಓದುತ್ತಿರುವ ಮಗಳಿದ್ದಾಳೆ. ಅವಳ ಕೈಯಲ್ಲಿ ಮೊಬೈಲು. ಬೆಳೆಯ ಚಿತ್ರಗಳನ್ನು ಸರ್ವೆ ನಂಬರಿನೊಡನೆ ಜೋಡಿಸಿಡುವ ಒಂದು ಚಿಕ್ಕ ಆಪನ್ನು ಆಕೆಯೇ ಬರೆದಿದ್ದಾಳೆ. ಇಂದು ಅದರ ಮೊದಲ ಪರೀಕ್ಷೆ. ಗುಂಡಿಯನ್ನೊತ್ತಿದೊಡನೆ ಕ್ಯಾಮರಾ ತೆರೆಯುತ್ತದೆ, ಚಿತ್ರ ಬೀಳುತ್ತದೆ.

“ಆಯ್ತೇನವ್ವ?”

“ಆಯ್ತು ಕಣಪ್ಪ, ನಡಿ.”

ಸಂಜೆ ಮನೆಯಲ್ಲಿ ಆಪನ್ನು ತೆರೆದು ನೋಡಿದರೆ, ಚಿತ್ರವಿರಬೇಕಾದೆಡೆಯಲ್ಲಿ ಬೂದುಬಣ್ಣದ ಖಾಲಿ ಚೌಕವೊಂದು ಮಾತ್ರ ಕಾಣುತ್ತದೆ. “ತೆಗೆದಿದ್ದನ್ನ ನಾನೇ ಕಣ್ಣಾರೆ ನೋಡ್ನಲ್ಲ, ಎಲ್ಲೋಯ್ತು?” ಎಂದು ತಂದೆಯ ಪ್ರಶ್ನೆ. ಪ್ರಶ್ನೆ ನ್ಯಾಯವಾದುದೇ. ಪ್ರಸಂಗವು ಕಲ್ಪಿತವಾದರೂ, ಆಂಡ್ರಾಯ್ಡ್ ಮೊಬೈಲಿಗಾಗಿ ಆಪ್ ಬರೆಯಲು ತೊಡಗಿದವರಲ್ಲಿ ಈ ಖಾಲಿ ಚೌಕವನ್ನು ಒಮ್ಮೆಯಾದರೂ ಕಾಣದವರು ವಿರಳ. ಅದರ ಹಿಂದೆ ಅಡಗಿರುವ ಕಾರಣಗಳನ್ನು ಹುಡುಕುತ್ತ ಹೊರಟರೆ, ನಮ್ಮ ಜೇಬಿನಲ್ಲಿರುವ ಯಂತ್ರವು ತನ್ನೊಳಗಿನ ವಸ್ತುಗಳನ್ನು ಯಾವ ಕಟ್ಟುಪಾಡಿನಿಂದ ಕಾಯುತ್ತಿದೆಯೆಂಬುದು ತಿಳಿದುಬರುತ್ತದೆ.

ಚಿತ್ರವೊಂದು ಕಳೆದುಹೋದರೆ ಏನು ಮಹಾ ನಷ್ಟ ಎನ್ನುವವರಿರಬಹುದು. ಮದುವೆಯ ಚಿತ್ರವಾದರೆ ಬೇಸರವೊಂದೇ. ಬೆಳೆಯ ಚಿತ್ರವಾದರೆ ಹಣದ ಪ್ರಶ್ನೆ. 2020ರ ಮುಂಗಾರಿನಲ್ಲಿ ಕರ್ನಾಟಕ ಸರ್ಕಾರವು ರೈತರು ತಮ್ಮ ಬೆಳೆಯ ವಿವರವನ್ನು ತಾವೇ ಮೊಬೈಲಿನ ಮೂಲಕ ದಾಖಲಿಸುವ ಏರ್ಪಾಡನ್ನು ಮಾಡಿತು. ‘ನನ್ನ ಬೆಳೆ ನನ್ನ ಹಕ್ಕು’ ಎಂಬುದು ಆಗಿನ ಘೋಷಣೆ. ಜಮೀನಿನಲ್ಲೇ ನಿಂತು, ಬೆಳೆಯ ಹೆಸರನ್ನು ಆರಿಸಿ, ಅದರ ಛಾಯಾಚಿತ್ರವನ್ನು ತೆಗೆದು ಕಳುಹಿಸಬೇಕು. ಹಾಗೆ ದಾಖಲಾದ ಬೆಳೆಯ ಹೆಸರು ಪಹಣಿಯ ಅಂಕಣಕ್ಕೆ ಹೋಗುತ್ತದೆ. ಬೆಳೆವಿಮೆ, ಬೆಂಬಲ ಬೆಲೆಯ ಖರೀದಿ, ನೆರೆ ಬರಗಳ ಪರಿಹಾರ ಇವೆಲ್ಲವೂ ಆ ದಾಖಲೆಯನ್ನು ನೋಡುತ್ತವೆ. ರಾಗಿಯನ್ನು ಬೆಳೆದವನ ಅಂಕಣದಲ್ಲಿ ರಾಗಿಯೆಂದಿಲ್ಲದಿದ್ದರೆ ಖರೀದಿ ಕೇಂದ್ರದ ಬಾಗಿಲಲ್ಲಿ ಅವನಿಗೆ ತೊಂದರೆ ತಪ್ಪದು. ಹಿಂದೆ ಗ್ರಾಮಲೆಕ್ಕಿಗನ ಲೇಖನಿ ಮಾಡುತ್ತಿದ್ದ ಕೆಲಸದ ಒಂದು ಪಾಲು ಈಗ ಕ್ಯಾಮರಾದ ಕಣ್ಣಿಗೆ ಬಂದಿದೆ. ಆದುದರಿಂದ ಇಂತಹ ಆಪನ್ನು ಬರೆಯುವವನು, ಚಿತ್ರ ಎಲ್ಲಿ ಇಡಲ್ಪಡುತ್ತದೆ, ಯಾರ ಅಪ್ಪಣೆಯಿಂದ ಇಡಲ್ಪಡುತ್ತದೆ ಎಂಬುದನ್ನು ಚೆನ್ನಾಗಿ ಅರಿತಿರಬೇಕು.

ಮೊದಲು ಮನೆಯ ಒಳಗನ್ನು ನೋಡೋಣ. ಆಂಡ್ರಾಯ್ಡ್ ವ್ಯವಸ್ಥೆಯ ತಳಹದಿ ಲಿನಕ್ಸ್ ತಿರುಳು. ಲಿನಕ್ಸ್ ಅನುಸರಿಸುವುದು ಯೂನಿಕ್ಸ್ ಎಂಬ ಹಿರಿಯ ಸಂಪ್ರದಾಯವನ್ನು. ಅದನ್ನು 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಮ್ಸನ್ ಮತ್ತು ಡೆನಿಸ್ ರಿಚಿ ಪ್ರಾರಂಭಿಸಿದರು. ಒಂದೇ ಗಣಕಯಂತ್ರವನ್ನು ಹತ್ತಾರು ಜನರು ಹಂಚಿಕೊಂಡು ಬಳಸುತ್ತಿದ್ದ ಕಾಲವದು. ಒಬ್ಬನ ಕಡತವನ್ನು ಮತ್ತೊಬ್ಬನು ತಿದ್ದದಂತೆ, ಪ್ರತಿಯೊಂದು ಕಡತಕ್ಕೂ ಒಡೆಯನ ಗುರುತಿನ ಸಂಖ್ಯೆಯನ್ನು ಅಂಟಿಸಿ, ಓದುವ ಹಕ್ಕು, ಬರೆಯುವ ಹಕ್ಕು, ನಡೆಸುವ ಹಕ್ಕು ಇವನ್ನು ಬೇರೆ ಬೇರೆಯಾಗಿ ಗುರುತಿಸುವ ಪದ್ಧತಿ ಬಂತು. ಮೊಬೈಲಿಗೆ ಸಾಮಾನ್ಯವಾಗಿ ಒಬ್ಬನೇ ಯಜಮಾನ. ಹೀಗಿರಲು ಈ ಪದ್ಧತಿಯಿಂದೇನು ಪ್ರಯೋಜನ? ಆಂಡ್ರಾಯ್ಡನ್ನು ರೂಪಿಸಿದವರ ಜಾಣತನವಿರುವುದು ಇಲ್ಲಿಯೇ. ಅವರು ಮನುಷ್ಯರಿಗೆ ಬದಲಾಗಿ ಆಪುಗಳನ್ನೇ ಬೇರೆ ಬೇರೆ ಬಳಕೆದಾರರೆಂದು ಎಣಿಸಿದರು. ಒಂದೊಂದು ಆಪಿಗೂ ಅದನ್ನು ಸ್ಥಾಪಿಸಿದ ದಿನವೇ 10000ದಿಂದ ಮೇಲ್ಪಟ್ಟ ಒಂದು ಸಂಖ್ಯೆ ದೊರೆಯುತ್ತದೆ, ಅದರೊಡನೆ ಒಂದು ಖಾಸಗಿ ಕೋಣೆಯೂ ದೊರೆಯುತ್ತದೆ. ಆ ಕೋಣೆಯೊಳಗೆ ಬೇರೊಂದು ಆಪು ಇಣುಕಿದರೆ ಅದನ್ನು ತಡೆಯುವುದು ಲಿನಕ್ಸಿನ ತಿರುಳೇ. ಯಾವ ಆಪಿನ ಸೌಜನ್ಯವನ್ನೂ ಅದು ನಂಬಬೇಕಾಗಿಲ್ಲ.

ಹಳ್ಳಿಯ ಮನೆಯಲ್ಲಿ ಒಳಗಿನ ಕಣಜ ಮನೆಯವರಿಗೆ ಮಾತ್ರ ಸೇರಿದುದಲ್ಲವೆ? ಇದೂ ಹಾಗೆಯೇ. ಆದರೆ ಮನೆಯನ್ನು ಕೆಡವಿದರೆ ಕಣಜವೂ ಹೋಗುತ್ತದೆ. ಆಪನ್ನು ತೆಗೆದುಹಾಕಿದ ಕ್ಷಣವೇ ಅದರ ಖಾಸಗಿ ಕೋಣೆಯಲ್ಲಿದ್ದ ಚಿತ್ರಗಳೆಲ್ಲವೂ ಅಳಿಸಿಹೋಗುತ್ತವೆ. ‘ಕ್ಯಾಶ್’ ಎಂದು ಕರೆಯುವ ತಾತ್ಕಾಲಿಕ ಮೂಲೆಯಲ್ಲಿಟ್ಟವಂತೂ, ಮೊಬೈಲಿನಲ್ಲಿ ಜಾಗ ಸಾಲದೆ ಬಂದಾಗ ಯಾರನ್ನೂ ಕೇಳದೆ ಗುಡಿಸಲ್ಪಡಬಹುದು.

ಖಾಸಗಿ ಕೋಣೆಯ ಹೊರಗೆ ಊರಿನ ಸಾರ್ವಜನಿಕ ಕಣದಂತಹ ಇನ್ನೊಂದು ಜಾಗವಿದೆ. ಚಿತ್ರಗಳು, ಹಾಡುಗಳು, ಇಳಿಸಿಕೊಂಡ ಕಾಗದಪತ್ರಗಳು ಎಲ್ಲವೂ ಅಲ್ಲಿ ರಾಶಿಯಾಗಿ ಬೀಳುತ್ತವೆ. ಅದರ ವಿಳಾಸ ಈಗಿನ ಬಹುತೇಕ ಮೊಬೈಲುಗಳಲ್ಲಿ ‘/ಸ್ಟೋರೇಜ್/ಎಮ್ಯುಲೇಟೆಡ್/0’ ಎಂದಿರುತ್ತದೆ. ಕ್ಯಾಮರಾ ತೆಗೆದ ಚಿತ್ರಗಳು ಅದರೊಳಗಿನ ‘ಡಿಸಿಐಎಂ’ ಎಂಬ ಫೋಲ್ಡರಿನಲ್ಲಿರುತ್ತವೆ. ಈ ವಿಚಿತ್ರವಾದ ಹೆಸರಿಗೆ ಮೂಲ ಜಪಾನಿನಲ್ಲಿದೆ. ಬೇರೆ ಬೇರೆ ಕಂಪನಿಗಳ ಡಿಜಿಟಲ್ ಕ್ಯಾಮರಾಗಳು ಒಂದರ ಕಾರ್ಡನ್ನೊಂದು ಓದಬೇಕೆಂಬ ಉದ್ದೇಶದಿಂದ 1998ರಲ್ಲಿ ಅಲ್ಲಿಯ ವಿದ್ಯುನ್ಮಾನ ಉದ್ಯಮದ ಸಂಘವು ಒಂದು ನಿಯಮವನ್ನು ಒಪ್ಪಿಕೊಂಡಿತು. ‘ಡಿಜಿಟಲ್ ಕ್ಯಾಮರಾ ಇಮೇಜಸ್’ ಎಂಬ ಮಾತಿನ ಸಂಕ್ಷೇಪವೇ ಡಿಸಿಐಎಂ. ಫಿಲ್ಮಿನ ಅಂಗಡಿಗಳು ಮುಚ್ಚಿಹೋದರೂ, ಆ ನಿಯಮ ಕೆರಗೋಡಿನ ಮೊಬೈಲಿನಲ್ಲಿಯೂ ಜೀವಂತವಾಗಿದೆ.

ಈ ಸಾರ್ವಜನಿಕ ಜಾಗದಲ್ಲಿಯೇ ಎಲ್ಲ ತಂಟೆಗಳೂ ಹುಟ್ಟಿಕೊಂಡವು. 2008ರಲ್ಲಿ ಮೊದಲ ಆಂಡ್ರಾಯ್ಡ್ ಮೊಬೈಲು ಮಾರುಕಟ್ಟೆಗೆ ಬಂದಾಗ ಚಿತ್ರಗಳನ್ನು ಇಡುತ್ತಿದ್ದುದು ಬೆರಳುಗುರಿನಷ್ಟು ಚಿಕ್ಕ ಕಾರ್ಡಿನ ಮೇಲೆ. ಆ ಕಾರ್ಡನ್ನು ತೆಗೆದು ಬೇರೆ ಯಂತ್ರಕ್ಕೆ ಹಾಕಿದರೂ ಓದಲು ಬರಬೇಕು. ಆದುದರಿಂದ ಅದರ ಮೇಲೆ ಬಳಸಿದ್ದು ‘ಫ್ಯಾಟ್’ ಎಂಬ ಹಳೆಯ, ಸರಳವಾದ ಕಡತ ಪದ್ಧತಿಯನ್ನು. ಫ್ಯಾಟ್ ಪದ್ಧತಿಯಲ್ಲಿ ಕಡತಕ್ಕೆ ಒಡೆಯನೆಂಬ ಕಲ್ಪನೆಯೇ ಇಲ್ಲ! ಒಡೆಯನಿಲ್ಲದಲ್ಲಿ ಹಕ್ಕನ್ನು ಹಂಚುವುದೆಂತು? ಕಣಕ್ಕೆ ಒಂದೇ ಗೇಟು ಇಟ್ಟು, ಒಳಗೆ ಬಂದವನು ಏನನ್ನು ಬೇಕಾದರೂ ಮುಟ್ಟಬಹುದೆಂದು ಬಿಟ್ಟಂತಾಯಿತು. 2009ರಲ್ಲಿ ಬಂದ 1.6ನೆಯ ಆವೃತ್ತಿಯಲ್ಲಿ ಕಾರ್ಡಿನ ಮೇಲೆ ಬರೆಯಲು ಅನುಮತಿ ಬೇಕೆಂದಾಯಿತು. ಓದುವುದಕ್ಕಾದರೋ, 2013ರ 4.4ನೆಯ ಆವೃತ್ತಿಯವರೆಗೂ ಕಡ್ಡಾಯವಾದ ತಡೆಯೇ ಇರಲಿಲ್ಲ.

ಅನುಮತಿಯಾದರೂ ಎಂತಹುದು! ಆಪನ್ನು ಸ್ಥಾಪಿಸುವಾಗ ಉದ್ದವಾದ ಪಟ್ಟಿಯೊಂದು ಬರುತ್ತಿತ್ತು; ಪೂರ್ತಿ ಒಪ್ಪಬೇಕು, ಇಲ್ಲವೇ ಆಪನ್ನೇ ಬಿಡಬೇಕು. ಕತ್ತಲಲ್ಲಿ ದಾರಿ ತೋರುವ ಬ್ಯಾಟರಿ ದೀಪದ ಆಪಿಗೆ ನಿಮ್ಮ ಚಿತ್ರಗಳೇಕೆ ಬೇಕು ಎಂದು ಕೇಳುವ ಅವಕಾಶವಿರಲಿಲ್ಲ. ಪಟ್ಟಿಯನ್ನು ಓದಿದವರೆಷ್ಟು ಮಂದಿಯೆಂಬುದನ್ನು ವಾಚಕರೇ ತಮ್ಮ ತಮ್ಮ ಅನುಭವದಿಂದ ಊಹಿಸಬಹುದು. 2015ರ 6ನೆಯ ಆವೃತ್ತಿ ಈ ಪದ್ಧತಿಯನ್ನು ಬದಲಾಯಿಸಿತು. ಆಪು ನಡೆಯುತ್ತಿರುವಾಗ, ಅಗತ್ಯ ಬಿದ್ದ ಕ್ಷಣದಲ್ಲಿ ಅದು ಕೇಳಬೇಕು; ಯಜಮಾನನು ಕೊಡಬಹುದು, ನಿರಾಕರಿಸಬಹುದು, ಕೊಟ್ಟುದನ್ನು ನಾಳೆ ಹಿಂದಕ್ಕೆ ಪಡೆಯಲೂಬಹುದು.

ಇಷ್ಟಾದರೂ ಗೇಟು ಒಂದೇ ಉಳಿಯಿತು. ಒಮ್ಮೆ ‘ಹೂಂ’ ಎಂದರೆ ಇಡೀ ಕಣ ತೆರೆದಂತೆಯೇ. 2019ರ 10ನೆಯ ಆವೃತ್ತಿಯಲ್ಲಿ ಕಣವನ್ನೇ ಪಾಲು ಮಾಡಿದರು. ಆಪು ತಾನೇ ಇಟ್ಟ ಚಿತ್ರವನ್ನು ತಾನು ನೋಡಲು ಯಾವ ಅನುಮತಿಯೂ ಬೇಡ. ಇತರರು ಇಟ್ಟುದನ್ನು ನೋಡಲು ಅನುಮತಿ ಬೇಕು. ಹಳೆಯ ಆಪುಗಳು ಸುಧಾರಿಸಿಕೊಳ್ಳಲೆಂದು ಒಂದು ವರ್ಷ ವಿನಾಯಿತಿ ಕೊಟ್ಟು, 2020ರ 11ನೆಯ ಆವೃತ್ತಿಗಾಗಿ ಬರೆದ ಆಪುಗಳಿಗೆ ನಿಯಮವನ್ನು ಕಡ್ಡಾಯಗೊಳಿಸಿದರು. 2022ರ 13ನೆಯ ಆವೃತ್ತಿಯಲ್ಲಿ ಚಿತ್ರ, ಚಲಚ್ಚಿತ್ರ, ಧ್ವನಿ ಇವುಗಳಿಗೆ ಬೇರೆ ಬೇರೆ ಅನುಮತಿಗಳು ಬಂದವು. 2023ರ 14ನೆಯದರಲ್ಲಿ ‘ಈ ನಾಲ್ಕು ಚಿತ್ರ ಮಾತ್ರ’ ಎಂದು ಆರಿಸಿ ಕೊಡುವ ಸೌಕರ್ಯವೂ ಬಂತು.

ನಮ್ಮ ಹುಡುಗಿಯ ಮೊದಲ ತಪ್ಪು ಇಲ್ಲಿಯೇ ಸಿಕ್ಕುತ್ತದೆ. ಆಕೆ ನೋಡಿ ಕಲಿತ ಪಾಠ ಹತ್ತು ವರ್ಷದಷ್ಟು ಹಳೆಯದು. ಅದರಂತೆ ಆಪಿನಲ್ಲಿ ಸಾರ್ವಜನಿಕ ಜಾಗದ ನಡುವೆ ‘ಬೆಳೆಚಿತ್ರ’ ಎಂಬ ಹೊಸ ಫೋಲ್ಡರನ್ನು ಮಾಡಲು ಆಜ್ಞೆ ಕೊಟ್ಟಿದ್ದಳು. ಹೊಸ ನಿಯಮದಲ್ಲಿ ಹಾಗೆ ಕಂಡಕಂಡಲ್ಲಿ ಗೂಟ ನೆಡುವಂತಿಲ್ಲ. ವ್ಯವಸ್ಥೆ ನಿರಾಕರಿಸಿತು. ನಿರಾಕರಿಸಿದ ರೀತಿಯೂ ಸ್ವಾರಸ್ಯವಾಗಿದೆ: ಫೋಲ್ಡರನ್ನು ಮಾಡುವ ಆ ಆಜ್ಞೆಯು ಸೋತಾಗ ಕೂಗಿಕೊಳ್ಳುವುದಿಲ್ಲ, ಮೆಲ್ಲನೆ ‘ಸುಳ್ಳು’ ಎಂಬ ಒಂದು ಉತ್ತರವನ್ನು ಹಿಂದಿರುಗಿಸುತ್ತದೆ. ಆ ಉತ್ತರವನ್ನು ಕೇಳಿಸಿಕೊಳ್ಳುವ ಸಾಲನ್ನು ಆಕೆ ಬರೆದಿರಲಿಲ್ಲ. ಕ್ಯಾಮರಾಕ್ಕೆ ಕೊಟ್ಟ ವಿಳಾಸದಲ್ಲಿ ಜಾಗವೇ ಇರಲಿಲ್ಲ. ಆಪಿನ ಲೆಕ್ಕದ ಪುಸ್ತಕದಲ್ಲಿ ಮಾತ್ರ ವಿಳಾಸ ದಾಖಲಾಗಿತ್ತು. ಈ ಒಂದು ದೋಷಕ್ಕೆ ಆಪ್ ಬರೆಯುವವರು ಕಳೆದುಕೊಂಡಿರುವ ರಾತ್ರಿಗಳನ್ನು ಲೆಕ್ಕ ಹಾಕುವಂತಿಲ್ಲ.

ಅವಳು ಅದನ್ನು ತಿದ್ದಿಕೊಂಡು, ಚಿತ್ರವನ್ನು ಆಪಿನ ಖಾಸಗಿ ಕೋಣೆಯಲ್ಲಿಯೇ ಇಡಲು ನಿರ್ಧರಿಸಿದಳೆನ್ನಿ. ಇಲ್ಲಿ ಅನುಮತಿಯ ಪ್ರಶ್ನೆಯೇ ಏಳುವುದಿಲ್ಲ. ಮರುದಿನ ಮತ್ತೆ ಖಾಲಿ ಚೌಕ! ಈ ಸಲದ ಅಪರಾಧಿ ಅವರ ಜಮೀನಿನ ಸರ್ವೆ ನಂಬರೇ. ಪಹಣಿಯಲ್ಲಿ ಸರ್ವೆ ನಂಬರು, ಹಿಸ್ಸೆ ಇವನ್ನು 45/*/2 ಎಂಬಂತೆ ಓರೆಗೀಟುಗಳಿಂದ ಬೇರ್ಪಡಿಸಿ ಬರೆಯುವುದನ್ನು ಹಳ್ಳಿಯ ವಾಚಕರು ನೋಡಿಯೇ ಇರುತ್ತಾರೆ. ಚಿತ್ರಕ್ಕೆ ಅದೇ ಹೆಸರನ್ನಿಡುವುದು ಸಹಜವಾದ ಆಲೋಚನೆ. ಆದರೆ ಯೂನಿಕ್ಸ್ ಸಂಪ್ರದಾಯದಲ್ಲಿ ಓರೆಗೀಟು ಹಾದಿಯ ಕವಲನ್ನು ಸೂಚಿಸುವ ಚಿಹ್ನೆ. ‘45’ ಎಂಬ ಫೋಲ್ಡರಿನೊಳಗೆ ‘*’ ಎಂಬ ಫೋಲ್ಡರು, ಅದರೊಳಗೆ ‘2’ ಎಂಬ ಕಡತ ಎಂದು ಯಂತ್ರ ಅರ್ಥಮಾಡಿಕೊಂಡಿತು. ಅಂತಹ ಫೋಲ್ಡರುಗಳು ಇಲ್ಲವಾದುದರಿಂದ ಚಿತ್ರ ಸೇರಲಿಲ್ಲ. ನಕ್ಷತ್ರಚಿಹ್ನೆಯೂ ನಿರುಪದ್ರವಿಯಲ್ಲ: ಫ್ಯಾಟ್ ಪದ್ಧತಿಯಲ್ಲಿ ಅದನ್ನು ಹೆಸರಿನಲ್ಲಿ ಬಳಸುವುದು ನಿಷಿದ್ಧ. ಕಂದಾಯ ಇಲಾಖೆಯ ಬರಹಕ್ಕೂ ಗಣಕಯಂತ್ರದ ಬರಹಕ್ಕೂ ಇಂತಹ ಜಗಳವೊಂದು ಕಾದಿರುವುದೆಂದು ಬೆಲ್ ಪ್ರಯೋಗಾಲಯದವರು ಕನಸಿನಲ್ಲಿಯೂ ಎಣಿಸಿರಲಾರರು. ಓರೆಗೀಟಿನ ಬದಲು ಅಡ್ಡಗೆರೆಯನ್ನು ಹಾಕಿ, ಕೊನೆಯಲ್ಲಿ ದಿನಾಂಕ, ಗಂಟೆ, ನಿಮಿಷ, ಸೆಕೆಂಡುಗಳನ್ನು ಸೇರಿಸಿದರೆ ತೊಡಕು ಬಿಡುತ್ತದೆ. ಒಂದೇ ಹೊಲದ ಎರಡು ಚಿತ್ರಗಳು ಒಂದರ ಮೇಲೊಂದು ಬೀಳುವ ಅಪಾಯವೂ ತಪ್ಪುತ್ತದೆ.

ಕಡತದ ಹೆಸರಿನಲ್ಲಿ ಊರಿನ ಹೆಸರನ್ನು ಕನ್ನಡದಲ್ಲಿಯೇ ಬರೆಯಬಹುದೆ? ಖಂಡಿತ ಬರೆಯಬಹುದು. ಆದರೆ ಒಂದು ಸೂಕ್ಷ್ಮವಿದೆ. ಯುನಿಕೋಡ್ ಸಂಕೇತದಲ್ಲಿ ‘ಕೆರಗೋಡು’ ಎಂಬ ಹೆಸರಿಗೆ 7 ಸಂಕೇತಗಳು ಬೇಕು. ಬೈಟುಗಳಲ್ಲಿ ಎಣಿಸಿದರೆ, ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3ರಂತೆ ಒಟ್ಟು 21. ಅದರಲ್ಲಿರುವ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಬಿಡಿ ತುಂಡುಗಳನ್ನು ಜೋಡಿಸಿಯೂ ಬರೆಯಬಹುದು. ಎರಡನೆಯ ರೀತಿಯಲ್ಲಿ ಅದೇ ಹೆಸರು 27 ಬೈಟುಗಳಷ್ಟಾಗುತ್ತದೆ. ನಮ್ಮ ಕಣ್ಣಿಗೆ ಎರಡೂ ಒಂದೇ. ಬೈಟುಗಳನ್ನು ಹೋಲಿಸುವ ಯಂತ್ರಕ್ಕೆ ಎರಡು ಬೇರೆ ಊರುಗಳು.

ಇನ್ನು ಮೂರನೆಯ ದೋಷ. ಇದು ಕೆಲವು ಮೊಬೈಲುಗಳಲ್ಲಿ ಮಾತ್ರ, ಕೆಲವು ವೇಳೆ ಮಾತ್ರ ಕಾಣಿಸಿಕೊಳ್ಳುವುದರಿಂದ ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ಆಪು ಕ್ಯಾಮರಾವನ್ನು ಕರೆದಾಗ ನಿಜವಾಗಿ ಆಗುವುದೇನು? ಮೊಬೈಲಿನಲ್ಲಿ ಕ್ಯಾಮರಾವೂ ಒಂದು ಪ್ರತ್ಯೇಕ ಆಪು. ನಮ್ಮ ಆಪು ಹಿಂದಕ್ಕೆ ಸರಿದು, ಅದು ಮುಂದಕ್ಕೆ ಬರುತ್ತದೆ. ಚಿತ್ರವಾದ ಬಳಿಕ ಅದನ್ನು ನಮ್ಮ ಆಪಿನ ಕೈಗೆ ನೇರವಾಗಿ ಕೊಟ್ಟುಬಿಡಬಾರದೇಕೆ? ಎರಡು ಆಪುಗಳ ನಡುವೆ ಸಂದೇಶವನ್ನು ಸಾಗಿಸುವ ‘ಬೈಂಡರ್’ ಎಂಬ ಕಾಲುವೆಯ ಅಳತೆ ಕಿರಿದು. ಅದರಲ್ಲಿ ಒಮ್ಮೆಗೆ ಹರಿಯಬಹುದಾದುದು ಸುಮಾರು 1 ಮೆಗಾಬೈಟು ಮಾತ್ರ. 120 ಲಕ್ಷ ಚುಕ್ಕೆಗಳ ಒಂದು ಚಿತ್ರವನ್ನು ಸ್ಮರಣೆಯಲ್ಲಿ ಬಿಡಿಸಿಟ್ಟರೆ, ಚುಕ್ಕೆಗೆ 4 ಬೈಟಿನಂತೆ 48 ಮೆಗಾಬೈಟಾಗುತ್ತದೆ. ನಾಲೆಯ ನೀರನ್ನೆಲ್ಲ ಒಂದು ಸಣ್ಣ ತೂಬಿನಲ್ಲಿ ನುಗ್ಗಿಸಿದಂತೆಯೇ ಸರಿ. ಆದುದರಿಂದ ವಿಳಾಸ ಕೊಡದೆ ಚಿತ್ರ ಕೇಳಿದರೆ, ಕ್ಯಾಮರಾ ಅಂಗೈಯಗಲದ ಮಸುಕಾದ ಕಿರುಚಿತ್ರವನ್ನಷ್ಟೇ ಕಳುಹಿಸುತ್ತದೆ. ಅದರಲ್ಲಿ ಬೆಳೆ ಭತ್ತವೋ ರಾಗಿಯೋ ಗುರುತಿಸುವುದು ಕಷ್ಟ. ಪೂರ್ಣ ಚಿತ್ರ ಬೇಕಾದರೆ ಮೊದಲೇ ವಿಳಾಸವನ್ನು ಕೊಡಬೇಕು. ಕ್ಯಾಮರಾ ಅಲ್ಲಿಗೆ ಚಿತ್ರವನ್ನು ಬರೆದು, ‘ಆಯಿತು’ ಎಂದಷ್ಟೇ ಹೇಳುತ್ತದೆ.

ಅಗ್ಗದ ಮೊಬೈಲಿನಲ್ಲಿ ಸ್ಮರಣೆ ಕಡಿಮೆ. ಕ್ಯಾಮರಾಕ್ಕೆ ಸ್ಥಳ ಸಾಲದಿದ್ದರೆ ವ್ಯವಸ್ಥೆಯು ಹಿಂದೆ ಸರಿದು ನಿಂತಿರುವ ನಮ್ಮ ಆಪನ್ನೇ ಮುಚ್ಚಿಬಿಡಬಹುದು. ಚಿತ್ರವಾದ ಮೇಲೆ ಆಪು ಮತ್ತೆ ಹುಟ್ಟಿ ಬರುತ್ತದೆ, ಆದರೆ ಯಾವ ವಿಳಾಸವನ್ನು ಕೊಟ್ಟಿದ್ದೆನೆಂಬುದನ್ನು ಮರೆತಿರುತ್ತದೆ. ಚಿತ್ರವು ಕಡತವಾಗಿ ಭದ್ರವಾಗಿದೆ. ಅದರ ಜಾಗವನ್ನು ಬಲ್ಲವರಿಲ್ಲ. ಮುಚ್ಚುವ ಮೊದಲು ಬರೆದಿಟ್ಟುಕೊಳ್ಳಲು ವ್ಯವಸ್ಥೆ ಕೊಡುವ ಒಂದು ಚೀಟಿಯಿದೆ. ಅದರಲ್ಲಿ ವಿಳಾಸವನ್ನು ಬರೆಯುವುದೊಂದೇ ಇದಕ್ಕೆ ಮದ್ದು. ಪಟ್ಟಣದಲ್ಲಿ ದೊಡ್ಡ ಮೊಬೈಲನ್ನಿಟ್ಟುಕೊಂಡು ಆಪ್ ಬರೆಯುವವನಿಗೆ ಈ ದೋಷ ಕಾಣಿಸುವುದೇ ಇಲ್ಲ. ಅದನ್ನು ಕಾಣುವವನು ಎರಡನೆಯ ಸಲ ಗದ್ದೆಗೆ ನಡೆಯಬೇಕಾದ ರೈತ. ಆಪ್ ಬರೆಯುವವರು ಮನೆಯಲ್ಲಿರುವ ಅತ್ಯಂತ ಹಳೆಯ ಮೊಬೈಲಿನಲ್ಲಿಯೇ ಪರೀಕ್ಷಿಸಬೇಕೆಂದು ನನ್ನ ಅಭಿಪ್ರಾಯ.

ಕ್ಯಾಮರಾಕ್ಕೆ ಕೊಡುವ ವಿಳಾಸವಾದರೂ ಎಂತಹುದಿರಬೇಕು? ನಮ್ಮ ಖಾಸಗಿ ಕೋಣೆಗೆ ಅನ್ಯ ಆಪು ಬರುವಂತಿಲ್ಲವೆಂದು ಹೇಳಿದೆವಷ್ಟೆ. ಹಾಗಿದ್ದರೆ ಕ್ಯಾಮರಾ ಅಲ್ಲಿ ಬರೆಯುವುದೆಂತು? 2016ರ 7ನೆಯ ಆವೃತ್ತಿಯಿಂದೀಚೆಗೆ ಕಡತದ ನಿಜವಾದ ಹಾದಿಯನ್ನು ಬೇರೆ ಆಪಿಗೆ ಕೊಡಹೊರಟರೆ ವ್ಯವಸ್ಥೆ ಆಪನ್ನೇ ನಿಲ್ಲಿಸುತ್ತದೆ. ಅದರ ಬದಲು ‘ಕಂಟೆಂಟ್’ ಎಂದು ಮೊದಲಾಗುವ ಒಂದು ಬದಲಿ ವಿಳಾಸವನ್ನು ಕೊಡಬೇಕು. ಮಂಡ್ಯದ ಸೀಮೆಯವರಿಗೆ ಇದನ್ನು ವಿವರಿಸುವುದು ಸುಲಭ. ಕಬ್ಬನ್ನು ಕಾರ್ಖಾನೆಗೆ ಒಯ್ಯಲು ಪರ್ಮಿಟ್ಟು ಬೇಕಲ್ಲವೆ? ಅದು ಕಾರ್ಖಾನೆಯ ಬೀಗದ ಕೈಯಲ್ಲ. ಇಂತಹವನ ಇಂತಹ ಕಬ್ಬನ್ನು ಒಳಗೆ ಬಿಡಬಹುದೆಂಬ ಒಕ್ಕಣೆ, ಅಷ್ಟೆ. ಬದಲಿ ವಿಳಾಸವೂ ಹಾಗೆಯೇ. ಈ ಒಂದು ಕಡತದ ಮೇಲೆ ಬರೆಯಲು ಕ್ಯಾಮರಾಕ್ಕೆ ಮಾತ್ರ, ಈ ಕೆಲಸ ಮುಗಿಯುವವರೆಗೆ ಮಾತ್ರ ಹಕ್ಕು. ಕಡತವು ಯಾವ ಫೋಲ್ಡರಿನಲ್ಲಿದೆಯೆಂಬುದೂ ಅದಕ್ಕೆ ತಿಳಿಯಬೇಕಾಗಿಲ್ಲ.

ಅನುಮತಿಯ ವಿಷಯದಲ್ಲಿ ಇನ್ನೊಂದು ವಿನೋದವನ್ನು ಹೇಳದೆ ಮುಂದುವರಿಯಲಾರೆ. ಹೀಗೆ ಕ್ಯಾಮರಾ ಆಪಿನಿಂದ ಚಿತ್ರ ತೆಗೆಸಿಕೊಳ್ಳುವ ಆಪಿಗೆ ಕ್ಯಾಮರಾದ ಅನುಮತಿ ಬೇಕಾಗಿಯೇ ಇಲ್ಲ. ಆದರೆ ಎಚ್ಚರಿಕೆಗಿರಲೆಂದು ತನ್ನ ಪ್ರಕಟಣಾಪತ್ರದಲ್ಲಿ ‘ನನಗೆ ಕ್ಯಾಮರಾ ಬೇಕು’ ಎಂದು ಬರೆದು, ಯಜಮಾನನಿಂದ ಅದನ್ನು ಪಡೆಯದಿದ್ದರೆ, ಕ್ಯಾಮರಾವನ್ನು ಕರೆದೊಡನೆ ಆಪು ನಿಂತುಹೋಗುತ್ತದೆ. ಕೇಳದಿದ್ದವನಿಗೆ ಊಟ ಉಂಟು. ಕೇಳಿ ಪಡೆಯದವನಿಗೆ ಇಲ್ಲ!

ಕೊನೆಯದಾಗಿ, ಚಿತ್ರದೊಳಗೆ ಅಡಗಿರುವ ಬರಹದ ಮಾತು. ಜೆಪೆಗ್ ಕಡತದ ಆರಂಭದಲ್ಲಿ ‘ಎಕ್ಸಿಫ್’ ಎಂಬ ಭಾಗವಿರುತ್ತದೆ. ಇದರ ಮೊದಲ ನಿಯಮಾವಳಿ ಬಂದುದು 1995ರಲ್ಲಿ, ಇದೂ ಜಪಾನಿನಿಂದಲೇ. ಚಿತ್ರ ತೆಗೆದ ದಿನ, ಗಂಟೆ, ಮೊಬೈಲಿನ ಜಾತಿ ಇವುಗಳ ಜೊತೆಗೆ, ಯಜಮಾನನು ಒಪ್ಪಿದ್ದರೆ ಸ್ಥಳದ ಅಕ್ಷಾಂಶ ರೇಖಾಂಶಗಳೂ ಅಲ್ಲಿ ಡಿಗ್ರಿ, ಮಿನಿಟು, ಸೆಕೆಂಡುಗಳಲ್ಲಿ ಬರೆಯಲ್ಪಡುತ್ತವೆ. ಅಕ್ಷಾಂಶದ ಒಂದು ಸೆಕೆಂಡೆಂದರೆ ನೆಲದ ಮೇಲೆ ಸುಮಾರು 31 ಮೀಟರು. ಸೆಕೆಂಡಿನ ಭಾಗಗಳನ್ನೂ ಬರೆಯಬಹುದಾದುದರಿಂದ, ಚಿತ್ರ ತೆಗೆದುದು ಯಾವ ಬದುವಿನ ಮೇಲೆ ನಿಂತು ಎಂಬುದನ್ನು ಹೇಳಲು ಅದು ಸಾಕು. ಬೆಳೆಯ ಸಾಕ್ಷ್ಯಕ್ಕೆ ಇದು ವರ. ಆದರೆ ಮನೆಯ ಹಜಾರದಲ್ಲಿ ಮಗುವಿನ ಚಿತ್ರವನ್ನು ತೆಗೆದು ಅಪರಿಚಿತರಿಗೆ ಕಳುಹಿಸಿದರೆ, ಮನೆಯ ಗುರುತನ್ನೂ ಕಳುಹಿಸಿದಂತಾಗಬಹುದು. ಆದಕಾರಣ 10ನೆಯ ಆವೃತ್ತಿಯಿಂದ, ಗ್ಯಾಲರಿಯ ಚಿತ್ರವನ್ನು ಆಪೊಂದು ಕೇಳಿದಾಗ ಸ್ಥಳದ ಬರಹವನ್ನು ವ್ಯವಸ್ಥೆಯೇ ಮರೆಮಾಡಿ ಕೊಡುತ್ತದೆ. ಅದೂ ಬೇಕಾದರೆ ಪ್ರತ್ಯೇಕವಾದ ಅನುಮತಿಯೊಂದನ್ನು ಕೇಳಬೇಕು.

ಇದನ್ನು ತಿಳಿಯದವರು, ಗ್ಯಾಲರಿಯಿಂದ ಆರಿಸಿದ ಚಿತ್ರದಲ್ಲಿ ಸ್ಥಳವಿಲ್ಲದಿರುವುದನ್ನು ಕಂಡು ಮೊಬೈಲಿನ ಜಿಪಿಎಸ್ ಕೆಟ್ಟಿದೆಯೆಂದು ದೂರುವುದುಂಟು. ಸ್ಥಳ ಬೇಕೇ ಬೇಕೆನ್ನುವ ಆಪು, ಚಿತ್ರ ತೆಗೆಯುವ ಹೊತ್ತಿನಲ್ಲಿಯೇ ರೈತನ ಒಪ್ಪಿಗೆ ಪಡೆದು ಸ್ಥಳವನ್ನು ತಾನೇ ಅಳೆದು ಬರೆದುಕೊಳ್ಳುವುದು ಲೇಸು. ಗ್ಯಾಲರಿಯ ಚಿತ್ರವನ್ನು ಒಪ್ಪಿದರೆ ಕಳೆದ ವರ್ಷದ ಬೆಳೆ ಈ ವರ್ಷದ ಪಹಣಿಗೆ ಬರುವ ಸಂಭವವೂ ಇದೆಯಲ್ಲವೆ?

ಇಷ್ಟನ್ನೂ ತಿಳಿದು ಹುಡುಗಿ ಮೂರನೆಯ ಸಲ ಆಪನ್ನು ಬರೆದರೆ ಅದು ಹೀಗೆ ನಡೆದೀತು. ಚಿತ್ರ ಮೊದಲು ಆಪಿನ ಖಾಸಗಿ ಕೋಣೆಗೆ ಬರುತ್ತದೆ, ತಾತ್ಕಾಲಿಕ ಮೂಲೆಗಲ್ಲ. ಕಡತ ನಿಜವಾಗಿಯೂ ಇದೆಯೇ, ಅದರ ಗಾತ್ರ ಸೊನ್ನೆಯಲ್ಲವೇ ಎಂದು ಆಪು ನೋಡುತ್ತದೆ. ಅನಂತರವೇ ‘ಆಯಿತು’ ಎನ್ನುತ್ತದೆ. ಇನ್ನೊಂದು ಪ್ರತಿಯನ್ನು, ಹಾದಿಯನ್ನು ತಾನು ಬರೆಯದೆ, ‘ಮೀಡಿಯಾ ಸ್ಟೋರ್’ ಎಂಬ ವ್ಯವಸ್ಥೆಯ ಉಗ್ರಾಣಿಕನ ಮೂಲಕ ‘ಪಿಕ್ಚರ್ಸ್’ ಎಂಬ ಸಾರ್ವಜನಿಕ ಫೋಲ್ಡರಿಗೆ ಸೇರಿಸುತ್ತದೆ. ಆಪನ್ನು ಯಾರಾದರೂ ಅಳಿಸಿದರೂ ತಂದೆಯ ಗ್ಯಾಲರಿಯಲ್ಲಿ ಚಿತ್ರ ಉಳಿಯುತ್ತದೆ. ಸಂಜೆ ಊರೊಳಗೆ ನೆಟ್‌ವರ್ಕ್ ಸಿಕ್ಕಾಗ ಚಿತ್ರ ದೂರದ ಗಣಕಯಂತ್ರಕ್ಕೆ ಹೋಗುತ್ತದೆ. ಅಲ್ಲಿಂದ ‘ಮುಟ್ಟಿತು’ ಎಂಬ ಉತ್ತರ, ರಸೀತಿಯ ಸಂಖ್ಯೆಯೊಡನೆ ಬರುವ ತನಕ ಖಾಸಗಿ ಕೋಣೆಯ ಪ್ರತಿಯನ್ನು ಆಪು ಅಳಿಸುವುದಿಲ್ಲ.

“ಬಂತಾ?” ಎಂದು ತಂದೆ ಕೇಳುತ್ತಾನೆ. ಅವಳು ಮೊಬೈಲನ್ನು ತಿರುಗಿಸಿ ತೋರಿಸುತ್ತಾಳೆ: ಚೌಕದೊಳಗೆ ಹಸಿರು ಭತ್ತ, ಅದರ ಕೆಳಗೆ 45-2, ಅದರ ಕೆಳಗೆ ರಸೀತಿಯ ಸಂಖ್ಯೆ.